ಧ್ರುವೀಕರಣವೆಂಬ ಪದವೂ ಆಸ್ಟ್ರಿಯದ ಮೊದಲನೆಯ ಗಣರಾಜ್ಯವೂ

ಭೌತವಿಜ್ಞಾನದಿಂದ ರಾಜ್ಯಶಾಸ್ತ್ರಕ್ಕೂ ಅಲ್ಲಿಂದ ಇತಿಹಾಸದ ತರಗತಿಗೂ ವಲಸೆ ಬಂದಿರುವ ಪದಗಳಲ್ಲಿ ‘ಧ್ರುವೀಕರಣ’ವು ಒಂದು. ಎರಡು ಮಹಾಯುದ್ಧಗಳ ನಡುವಣ ಯೂರೋಪನ್ನು ಕುರಿತು ಉತ್ತರ ಬರೆಯುವ ವಿದ್ಯಾರ್ಥಿಯು ಇಂದು ಎರಡನೆಯ ಅಥವಾ ಮೂರನೆಯ ವಾಕ್ಯದಲ್ಲಿಯೇ ‘ಸಮಾಜವು ಧ್ರುವೀಕರಣಗೊಂಡಿತು’ ಎಂದು ಬರೆದು ನಿಶ್ಚಿಂತನಾಗುವನು. ವಾಕ್ಯದಲ್ಲಿ ಕ್ರಿಯಾಪದವುಂಟು, ಮಾಡಿದವನಿಲ್ಲ. ಯಾರು ಮಾಡಿದರು, ಯಾವ ದಿನ, ಯಾವ ಅಧಿಕಾರದಿಂದ, ಯಾರ ಹಣದಿಂದ ಎಂಬ ಪ್ರಶ್ನೆಗಳು ಹುಟ್ಟುವ ಮೊದಲೇ ಅಡಗಿಹೋಗುತ್ತವೆ. ಇದಕ್ಕಾಗಿ ವಿದ್ಯಾರ್ಥಿಗಳನ್ನು ಮಾತ್ರ ದೂರುವುದು ನ್ಯಾಯವಲ್ಲ. ಅವರ ಕೈಗೆ ಸಿಕ್ಕುವ ಗ್ರಂಥಗಳ ಭಾಷೆಯೂ ಬಹುಮಟ್ಟಿಗೆ ಹೀಗೆಯೇ ಇದೆ. ಈ ಪದವು ಏನನ್ನು ತೋರಿಸುತ್ತದೆ, ಏನನ್ನು ಮರೆಮಾಡುತ್ತದೆ ಎಂಬುದನ್ನು ಆಸ್ಟ್ರಿಯದ ಮೊದಲನೆಯ ಗಣರಾಜ್ಯದ (1918–1934) ಉದಾಹರಣೆಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪದದ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡೋಣ. ಅಭಿಪ್ರಾಯಗಳಲ್ಲಿ ದೂರವಾಗುವುದು ಬೇರೆ, ಮನಸ್ಸಿನಲ್ಲಿ ದೂರವಾಗುವುದು ಬೇರೆ ಎಂಬ ವಿವೇಚನೆಯನ್ನು ಸ್ಪಷ್ಟಪಡಿಸಿದ ಕೀರ್ತಿ ಇತ್ತೀಚಿನ ರಾಜ್ಯಶಾಸ್ತ್ರಕ್ಕೆ ಸಲ್ಲಬೇಕು. ಶಾಂತೋ ಅಯ್ಯಂಗಾರ್, ಗೌರವ್ ಸೂದ್, ಇಫ್ತಾಖ್ ಲೆಲ್ಕೆಸ್ ಎಂಬ ಮೂವರು ವಿದ್ವಾಂಸರು 2012ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅಮೆರಿಕದ ಪಕ್ಷಾಭಿಮಾನಿಗಳು ನೀತಿಯ ವಿಷಯದಲ್ಲಿ ಭಿನ್ನರಾಗುವುದಕ್ಕಿಂತ ಹೆಚ್ಚಾಗಿ ಪರಸ್ಪರ ದ್ವೇಷಿಸತೊಡಗಿದ್ದಾರೆಂದು ವಾದಿಸಿದರು. ಅವರು ಆಧರಿಸಿದ ಪ್ರಶ್ನೆಗಳಲ್ಲಿ ಒಂದು ನಮಗೆ ತಟ್ಟನೆ ಅರ್ಥವಾಗುವಂಥದು: ನಿಮ್ಮ ಮಗನೋ ಮಗಳೋ ವಿರುದ್ಧಪಕ್ಷದವರನ್ನು ಮದುವೆಯಾದರೆ ನಿಮಗೆ ಅಸಮಾಧಾನವಾಗುವುದೇ? ಈ ಪ್ರಶ್ನೆಯನ್ನು ಆಲ್ಮಂಡ್ ಮತ್ತು ವರ್ಬಾ ಅವರು 1963ರಲ್ಲಿ ಪ್ರಕಟವಾದ ತಮ್ಮ ಗ್ರಂಥಕ್ಕಾಗಿ ಇಟಲಿ, ಜರ್ಮನಿ, ಬ್ರಿಟನ್ನುಗಳಲ್ಲಿಯೂ ಕೇಳಿಸಿದ್ದರು. ಆದುದರಿಂದ ಯೂರೋಪಿಗೆ ಇದು ಹೊಸತಲ್ಲ. 2020ರಲ್ಲಿ ಆಂಡ್ರೆಸ್ ರೈಲ್ಯಾನರು ಯೂರೋಪಿನ ಹಲವು ದೇಶಗಳನ್ನು ಇದೇ ಅಳತೆಗೆ ಒಳಪಡಿಸಿದರು; ದಕ್ಷಿಣ ಮತ್ತು ಪೂರ್ವ ಯೂರೋಪಿನಲ್ಲಿ ಪಕ್ಷದ್ವೇಷವು ವಾಯವ್ಯ ಭಾಗಕ್ಕಿಂತ ತೀವ್ರವಾಗಿರುವುದನ್ನು ಕಂಡರು. ಹೋಬೋಲ್ಟ್, ಲೀಪರ್, ಟಿಲಿ ಎಂಬುವರು ಬ್ರಿಟನ್ನಿನ 2016ರ ಜನಮತಗಣನೆಯು ಹಳೆಯ ಪಕ್ಷಗಳ ಗೆರೆಗಳನ್ನು ದಾಟಿ ಎರಡು ಹೊಸ ಕೂಟಗಳನ್ನೂ ಅವುಗಳ ನಡುವೆ ಹೊಸ ಹಗೆಯನ್ನೂ ಹುಟ್ಟಿಸಿದ ಬಗೆಯನ್ನು 2021ರಲ್ಲಿ ವಿವರಿಸಿದರು. ಇವೆಲ್ಲ ಉಪಯುಕ್ತವಾದ ಕೆಲಸಗಳೇ. ಸೊನ್ನೆಯಿಂದ ನೂರರವರೆಗಿನ ಉಷ್ಣಮಾಪಕದಂಥ ಕೋಲನ್ನು ಹಿಡಿದು ಮನುಷ್ಯನ ಒಲವು ಹಗೆಗಳನ್ನು ಅಳೆಯುವುದು ಹಾಸ್ಯಾಸ್ಪದವೆಂದು ತಳ್ಳಿಹಾಕುವವರ ಗುಂಪಿಗೆ ಈ ಲೇಖಕನು ಸೇರಿದವನಲ್ಲ.

ಆಕ್ಷೇಪಣೆಯಿರುವುದು ಆ ಕೋಲನ್ನು ಹಿಂದಿನ ಕಾಲಕ್ಕೆ ಚಾಚುವ ಕ್ರಮದಲ್ಲಿ. ಅಳೆಯುವವನಿಗೆ ಹಗೆಯ ಪ್ರಮಾಣ ಸಿಕ್ಕಿದರೆ ಸಾಕು. ಇತಿಹಾಸಕಾರನಿಗೆ ಹಗೆಯಿಂದ ಮುಂದೇನಾಯಿತು, ಹಗೆಯಿಲ್ಲದೆಯೂ ಏನಾಯಿತು ಎಂಬುದು ಬೇಕು. ‘ಸಮಾಜವು ಎರಡಾಗಿ ಸೀಳಿತು, ಆಮೇಲೆ ಪ್ರಜಾಪ್ರಭುತ್ವವು ಕುಸಿಯಿತು’ ಎಂಬ ಎರಡು ವಾಕ್ಯಗಳನ್ನು ಅಕ್ಕಪಕ್ಕದಲ್ಲಿಟ್ಟ ಕೂಡಲೇ ಮೊದಲನೆಯದು ಎರಡನೆಯದಕ್ಕೆ ಕಾರಣವಾಗಿಬಿಡುತ್ತದೆ. ಈ ರೀತಿಯ ವಾದಕ್ಕೆ ಎಲ್ಲರೂ ಎತ್ತಿಕೊಳ್ಳುವ ನಿದರ್ಶನಗಳಲ್ಲಿ ಆಸ್ಟ್ರಿಯವು ಮುಖ್ಯವಾದುದು.

ಈ ವಿಷಯದಲ್ಲಿ ಎಲ್ಲರೂ ಉಲ್ಲೇಖಿಸುವ ಹಳೆಯ ಬರಹವೆಂದರೆ ಆಡಮ್ ವಾಂಡ್ರುಷ್ಕರದು. 1954ರಲ್ಲಿ ಹೈನ್‌ರಿಖ್ ಬೆನೆಡಿಕ್ಟರ ಸಂಪಾದಕತ್ವದಲ್ಲಿ ಹೊರಬಂದ ಗಣರಾಜ್ಯದ ಇತಿಹಾಸದಲ್ಲಿ ಅವರು ಆಸ್ಟ್ರಿಯದ ರಾಜಕೀಯವನ್ನು ಮೂರು ‘ಲಾಗರ್’ಗಳಾಗಿ ವಿಂಗಡಿಸಿದರು: ಕ್ರಿಶ್ಚಿಯನ್ ಸೋಷಲ್ ಪಕ್ಷದ ಕ್ಯಾಥೊಲಿಕ್ ಲಾಗರ್, ಸೋಷಲ್ ಡೆಮೊಕ್ರಾಟರ ಕಾರ್ಮಿಕ ಲಾಗರ್, ಜರ್ಮನ್ ರಾಷ್ಟ್ರೀಯವಾದಿಗಳ ಲಾಗರ್. ‘ಲಾಗರ್’ ಎಂಬುದಕ್ಕೆ ಕನ್ನಡದಲ್ಲಿ ‘ಪಾಳೆಯ’ವೆಂಬ ಪದವು ಚೆನ್ನಾಗಿ ಒಪ್ಪುತ್ತದೆ, ಎರಡರಲ್ಲಿಯೂ ದಂಡು ಬಿಡಾರ ಹೂಡಿದ ಚಿತ್ರವಿದೆ. ಈ ಮೂರು ಭಾಗಗಳು ಪ್ರಕೃತಿಯೇ ಅಥವಾ ದೈವವೇ ಮಾಡಿದ ವಿಂಗಡಣೆಯೆಂದು ವಾಂಡ್ರುಷ್ಕರು ಭಾವಿಸಿದ್ದರು. ಇತಿಹಾಸಕಾರನ ಲೇಖನಿಯಿಂದ ಬಂದ ಈ ಮಾತು ಆಶ್ಚರ್ಯಕರವಾದುದು. ಪಕ್ಷಗಳ ಹುಟ್ಟನ್ನು 1880ರ ದಶಕದಿಂದ ಸಾಕ್ಷ್ಯಾಧಾರಗಳೊಡನೆ ಗುರುತಿಸಬಲ್ಲ ವಿದ್ವಾಂಸರು ಅವುಗಳನ್ನು ಆಲ್ಪ್ಸ್ ಪರ್ವತಗಳ ಸಾಲಿಗೆ ಸೇರಿಸಿದರೆ ನಾವು ಕೇಳಬೇಕಾದ ಪ್ರಶ್ನೆ, ಹೀಗೆ ಸೇರಿಸುವುದರಿಂದ 1954ರಲ್ಲಿ ಯಾರಿಗೆ ಅನುಕೂಲವಾಯಿತು ಎಂಬುದು. ಇದಕ್ಕೆ ಮುಂದೆ ಬರೋಣ.

ವರ್ಣನೆಯಾಗಿ ನೋಡಿದರೆ ಪಾಳೆಯವೆಂಬ ಪದವು ಸತ್ಯಕ್ಕೆ ಬಹಳ ಹತ್ತಿರವಾದುದೇ. 1929ರ ವೇಳೆಗೆ ಸುಮಾರು 65 ಲಕ್ಷ ಜನಸಂಖ್ಯೆಯ ಆ ಪುಟ್ಟ ದೇಶದಲ್ಲಿ ಸೋಷಲ್ ಡೆಮೊಕ್ರಾಟಿಕ್ ಪಕ್ಷದ ಸದಸ್ಯರೇ 7 ಲಕ್ಷವನ್ನು ಮೀರಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಿಯೆನ್ನಾ ನಗರದವರು. ಪಕ್ಷದ ಸದಸ್ಯನಾಗುವುದೆಂದರೆ ಚಂದಾ ಕೊಟ್ಟು ಚೀಟಿ ಪಡೆಯುವುದು ಮಾತ್ರವಾಗಿರಲಿಲ್ಲ. ಅವನು ಬೆಟ್ಟ ಹತ್ತುವುದು ಪಕ್ಷದ ಪ್ರಕೃತಿಮಿತ್ರರ ಸಂಘದೊಡನೆ, ಸೈಕಲ್ ತುಳಿಯುವುದು ಕಾರ್ಮಿಕರ ಸೈಕಲ್ ಸಂಘದೊಡನೆ, ಚದುರಂಗವಾಡುವುದು ಕಾರ್ಮಿಕರ ಚದುರಂಗ ಕೂಟದಲ್ಲಿ, ಓದುವುದು ಪಕ್ಷದ ಗ್ರಂಥಾಲಯದಲ್ಲಿ. ಬೀದಿಯಲ್ಲಿ ಎದುರಾದವರಿಗೆ ವಂದನೆ ಹೇಳುವ ಮಾತಿನಿಂದಲೇ ಮನುಷ್ಯನ ಪಾಳೆಯವು ತಿಳಿಯುತ್ತಿತ್ತು: ಕ್ಯಾಥೊಲಿಕನು ದೇವರ ಹೆಸರಿನಲ್ಲಿ ವಂದಿಸಿದರೆ ಸೋಷಲಿಸ್ಟನು ‘ಸ್ನೇಹ’ವೆಂಬ ಅರ್ಥದ ‘ಫ್ರಾಯಿಂಡ್‌ಶಾಫ್ಟ್’ ಎನ್ನುತ್ತಿದ್ದನು. 1922ರ ಜನವರಿಯಿಂದ ಪ್ರತ್ಯೇಕ ಪ್ರಾಂತವಾದ ವಿಯೆನ್ನಾ ತೆರಿಗೆ ಹಾಕುವ ಅಧಿಕಾರವನ್ನು ಪಡೆಯಿತು. ಹಣಕಾಸಿನ ಹೊಣೆ ಹೊತ್ತಿದ್ದ ಹ್ಯೂಗೋ ಬ್ರೈಟ್ನರ್ 1923ರಲ್ಲಿ ವಿಧಿಸಿದ ಗೃಹನಿರ್ಮಾಣ ತೆರಿಗೆಯಿಂದ ಸುಮಾರು ಹತ್ತು ವರ್ಷಗಳಲ್ಲಿ ನಗರವು 60,000ಕ್ಕೂ ಹೆಚ್ಚು ವಾಸದ ಮನೆಗಳನ್ನು ಕಟ್ಟಿತು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಒಂದರಲ್ಲಿಯೇ 1,382 ಮನೆಗಳು; ಕಟ್ಟಡದ ಉದ್ದ ಒಂದು ಕಿಲೋಮೀಟರಿಗಿಂತ ಹೆಚ್ಚು. ಬಾಡಿಗೆಗಿದ್ದವರಿಗೆ ಅದು ಮನೆ; ತೆರಿಗೆ ತೆತ್ತವರಿಗೆ, ಅದರ ಕಮಾನುಗಳನ್ನೂ ಗೋಪುರಗಳನ್ನೂ ದೂರದಿಂದ ನೋಡಿದವರಿಗೆ, ಅದು ಕೋಟೆ.

ಸತ್ತ ಮೇಲೂ ಪಾಳೆಯವು ಬಿಡುತ್ತಿರಲಿಲ್ಲ. ಕ್ಯಾಥೊಲಿಕ್ ಚರ್ಚು ಅಂದು ಶವದಹನವನ್ನು ನಿಷೇಧಿಸಿತ್ತು. ವಿಯೆನ್ನಾ ನಗರಸಭೆಯು ಸಿಮ್ಮರಿಂಗಿನಲ್ಲಿ ದಹನಾಗಾರವನ್ನು ಕಟ್ಟಿಸಿ 1922ರ ಡಿಸೆಂಬರ್ 17ರಂದು ತೆರೆಯಿತು. ಅದನ್ನು ತೆರೆಯಕೂಡದೆಂದು ಕ್ರಿಶ್ಚಿಯನ್ ಸೋಷಲ್ ಮಂತ್ರಿಯು ಆಜ್ಞೆ ಮಾಡಿದ್ದನು; ಆಜ್ಞೆಯನ್ನು ಲೆಕ್ಕಿಸದ ಮೇಯರ್ ಯಾಕೋಬ್ ರಾಯ್‌ಮನ್ನರನ್ನು ಸಂವಿಧಾನ ನ್ಯಾಯಾಲಯಕ್ಕೆ ಎಳೆಯಲಾಯಿತು. ನ್ಯಾಯಾಲಯವು ಅವರನ್ನು ಬಿಡುಗಡೆ ಮಾಡಿತು. ಕಾರ್ಮಿಕರ ಶವದಹನ ಸಂಘಕ್ಕೆ ‘ಜ್ವಾಲೆ’ ಎಂದು ಹೆಸರು. ಹೆಣವನ್ನು ಸುಡುವುದು ಸಹಜವೆಂದೆಣಿಸುವ ನಮ್ಮ ಓದುಗರಿಗೆ ಇದರಲ್ಲಿ ಜಗಳವಾಡುವುದೇನಿತ್ತೆಂದು ತೋರಬಹುದು. ವಿಯೆನ್ನಾದಲ್ಲಿ ಚಿತೆಯು ಒಂದು ರಾಜಕೀಯ ಘೋಷಣೆಯಾಗಿತ್ತು. ಆದರೂ ಈ ಜಗಳವು ಎಲ್ಲಿ ಮುಗಿಯಿತೆಂಬುದನ್ನು ಗಮನಿಸಬೇಕು. ಅದು ನ್ಯಾಯಾಲಯದಲ್ಲಿ ಮುಗಿಯಿತು, ಎರಡು ಪಕ್ಷಗಳೂ ತೀರ್ಪನ್ನು ಒಪ್ಪಿದವು. 1922ರಲ್ಲಿ ಹಗೆಯಿತ್ತು, ಹಗೆಯನ್ನು ತಡೆದು ನಿಲ್ಲಿಸುವ ಕಟ್ಟೆಯೂ ಇತ್ತು.

ಪ್ರತ್ಯೇಕವಾಗಿ ಬಾಳುವುದೇ ಕಲಹಕ್ಕೆ ಕಾರಣವೆಂದಾದರೆ ನೆದರ್ಲೆಂಡ್ಸಿನ ಗತಿಯೇನು? ಅಲ್ಲಿಯೂ ಕ್ಯಾಥೊಲಿಕರು, ಪ್ರಾಟೆಸ್ಟಂಟರು, ಸಮಾಜವಾದಿಗಳು ಬೇರೆಬೇರೆ ‘ಸ್ತಂಭ’ಗಳಾಗಿ ನಿಂತಿದ್ದರು. ಶಾಲೆ, ಪತ್ರಿಕೆ, ಕಾರ್ಮಿಕ ಸಂಘ, ಆಟದ ಕೂಟ, ಕೊನೆಗೆ ರೇಡಿಯೋ ಸಂಸ್ಥೆಯೂ ಬೇರೆ. 1954ರಲ್ಲಿ ಡಚ್ ಬಿಷಪ್ಪರು ಕ್ಯಾಥೊಲಿಕರು ಸಮಾಜವಾದಿಗಳ ಕಾರ್ಮಿಕ ಸಂಘಗಳನ್ನು ಸೇರಕೂಡದು, ಅವರ ರೇಡಿಯೋವನ್ನು ಕೇಳಕೂಡದು ಎಂದು ಆದೇಶ ಹೊರಡಿಸಿದರು. ಮದುವೆಯ ಪ್ರಶ್ನೆಯನ್ನು ಅಂದಿನ ಡಚ್ಚರಿಗೆ ಕೇಳಿದ್ದರೆ ಉತ್ತರವು ಆಸ್ಟ್ರಿಯದವರ ಉತ್ತರಕ್ಕಿಂತ ಮೃದುವಾಗಿರುತ್ತಿತ್ತೆಂದು ನಂಬಲು ಕಾರಣ ಕಾಣುವುದಿಲ್ಲ. ಅಲ್ಲಿ ಅಂತರ್ಯುದ್ಧವಾಗಲಿಲ್ಲ. ಏಕೆ?

ಅರೆಂಡ್ ಲೈಪ್‌ಹಾರ್ಟರು 1968ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಕೊಟ್ಟ ಉತ್ತರವೆಂದರೆ ನಾಯಕರ ವಿವೇಕ: ಕೆಳಗೆ ಜನರು ಬೇರೆಯಾಗಿದ್ದರೂ ಮೇಲೆ ನಾಯಕರು ಕೂಡಿ ಮಾತನಾಡಿ ಹೊಂದಿಕೊಂಡರು. 1917ರ ಒಪ್ಪಂದವು ಇದಕ್ಕೆ ಮಾದರಿ; ಧಾರ್ಮಿಕ ಶಾಲೆಗಳಿಗೆ ಸರಕಾರದ ಹಣ, ಪುರುಷರೆಲ್ಲರಿಗೂ ಮತಾಧಿಕಾರ, ಪ್ರಮಾಣಾನುಸಾರವಾದ ಪ್ರಾತಿನಿಧ್ಯ, ಈ ಮೂರನ್ನೂ ಒಂದೇ ಕಟ್ಟಿನಲ್ಲಿ ತರಲಾಯಿತು. ಉತ್ತರವು ಆಕರ್ಷಕವಾದರೂ ಪೂರ್ಣವಲ್ಲ. ಡಚ್ ಸಮಾಜವಾದಿಗಳು ಮೊಟ್ಟಮೊದಲು ಮಂತ್ರಿಮಂಡಲವನ್ನು ಸೇರಿದ್ದು 1939ರಲ್ಲಿ. ಹೊಂದಾಣಿಕೆಯ ತವರಾದ ದೇಶವು ಒಂದು ಸ್ತಂಭವನ್ನು ಇಪ್ಪತ್ತು ವರ್ಷ ಬಾಗಿಲ ಹೊರಗೆ ನಿಲ್ಲಿಸಿತ್ತು. ಇತ್ತ ಆಸ್ಟ್ರಿಯದಲ್ಲಿ 1918ರಿಂದ 1920ರವರೆಗೆ ಎರಡು ದೊಡ್ಡ ಪಕ್ಷಗಳು ಕಾರ್ಲ್ ರೆನ್ನರರ ನೇತೃತ್ವದಲ್ಲಿ ಕೂಡಿ ಆಳಿ, ಹಾನ್ಸ್ ಕೆಲ್ಸೆನ್ನರ ನೆರವಿನಿಂದ ಸಂವಿಧಾನವನ್ನು ರಚಿಸಿದ್ದವು. ವಿವೇಕವನ್ನು ತಕ್ಕಡಿಯಲ್ಲಿ ತೂಗುವುದಾದರೆ ಆರಂಭದಲ್ಲಿ ಆಸ್ಟ್ರಿಯದ ತಟ್ಟೆಯೇ ಕೆಳಗಿಳಿಯುತ್ತಿತ್ತು. ಭೇದವಿದ್ದುದು ಬೇರೆ ಎರಡು ಕಡೆಗಳಲ್ಲಿ. ಡಚ್ ಸ್ತಂಭಗಳಲ್ಲಿ ಯಾವುದೂ ತಾನೊಂದೇ ಬಹುಮತವನ್ನು ಪಡೆಯುವ ಆಸೆಯನ್ನಾಗಲಿ, ಇನ್ನೊಂದು ಪಡೆದೀತೆಂಬ ಭಯವನ್ನಾಗಲಿ ಇಟ್ಟುಕೊಳ್ಳುವಂತಿರಲಿಲ್ಲ. ಎರಡನೆಯದು ಇನ್ನೂ ಸರಳ: ಡಚ್ ಸ್ತಂಭಗಳ ಕೈಯಲ್ಲಿ ಬಂದೂಕಗಳಿರಲಿಲ್ಲ.

ಆಸ್ಟ್ರಿಯದಲ್ಲಿ ಇದ್ದವು. 1918ರಲ್ಲಿ ಚದುರಿದ ಸೈನ್ಯದ ಆಯುಧಗಳು ಹಳ್ಳಿಹಳ್ಳಿಗಳಲ್ಲಿ ಉಳಿದಿದ್ದವು. ಬಲಪಂಥದ ಹೈಮ್‌ವೆರ್ ದಳಗಳು ಮೊದಲು ಎದ್ದವು. ಸೋಷಲ್ ಡೆಮೊಕ್ರಾಟರ ಶುಟ್ಸ್‌ಬುಂಡ್ 1923ರಲ್ಲಿ ರೂಪುಗೊಂಡಿತು. 1928ರಿಂದ ಹೈಮ್‌ವೆರಿಗೆ ಮುಸೊಲಿನಿಯ ಹಣವೂ ಆಯುಧಗಳೂ ಬರತೊಡಗಿದವು. ಮನಸ್ಸಿನ ಉಷ್ಣವನ್ನು ಅಳೆಯುವ ಕೋಲು ಈ ಪೆಟ್ಟಿಗೆಗಳನ್ನು ಲೆಕ್ಕ ಹಾಕುವುದಿಲ್ಲ.

1927ರ ಘಟನೆಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಭಾವನೆಯು ಹೇಗೆ ಹುಟ್ಟಿತೆಂಬುದಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷ್ಯವು ಬೇರೆಡೆಯಲ್ಲಿ ವಿರಳ. ಆ ವರ್ಷದ ಜನವರಿ 30ರಂದು ಬುರ್ಗೆನ್‌ಲಾಂಡಿನ ಶಾಟ್ಟೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಬಲಪಂಥದ ಮಾಜಿ ಸೈನಿಕರ ಸಂಘದವರು ಹೋಟೆಲೊಂದರ ಕಿಟಕಿಯಿಂದ ಶುಟ್ಸ್‌ಬುಂಡಿನ ಮೆರವಣಿಗೆಯ ಮೇಲೆ ಗುಂಡು ಹಾರಿಸಿದರು. ಮಹಾಯುದ್ಧದಲ್ಲಿ ಗಾಯಗೊಂಡು ಮರಳಿದ್ದ ಒಬ್ಬನೂ ಒಬ್ಬ ಸಣ್ಣ ಹುಡುಗನೂ ಸತ್ತರು. ಸತ್ತವರ ಗೌರವಾರ್ಥ ದೇಶದಲ್ಲಿ ಕಾರ್ಮಿಕರು ಕೆಲಸ ನಿಲ್ಲಿಸಿದರು, ಗಲಭೆಯಾಗಲಿಲ್ಲ. ಏಪ್ರಿಲಿನ ಚುನಾವಣೆಯು ಶಾಂತವಾಗಿಯೇ ನಡೆಯಿತು. 165 ಸ್ಥಾನಗಳಲ್ಲಿ ಸೋಷಲ್ ಡೆಮೊಕ್ರಾಟರಿಗೆ 71 ದೊರೆತವು. ಜನರು ಕಾದದ್ದು ನ್ಯಾಯಾಲಯಕ್ಕಾಗಿ. ಜುಲೈ 14ರಂದು ಜ್ಯೂರಿಯು ಗುಂಡು ಹಾರಿಸಿದ ಮೂವರನ್ನೂ ಬಿಡುಗಡೆ ಮಾಡಿತು. ಮರುದಿನ ಬೆಳಗ್ಗೆ ಪಕ್ಷದ ಪತ್ರಿಕೆಯಾದ ‘ಆರ್ಬೈಟರ್ ತ್ಸೈಟುಂಗ್’ನಲ್ಲಿ ಸಂಪಾದಕ ಫ್ರೀಡ್ರಿಖ್ ಆಸ್ಟರ್ಲಿಟ್ಸರ ಉರಿಯುವ ಲೇಖನ ಬಂದಿತು. ಪಕ್ಷದ ನಾಯಕರು ಮಾತ್ರ ಇಕ್ಕಟ್ಟಿನಲ್ಲಿ ಸಿಕ್ಕಿದ್ದರು. ಜ್ಯೂರಿ ಪದ್ಧತಿಯು ಅವರೇ ಬಹುಕಾಲ ಎತ್ತಿಹಿಡಿದಿದ್ದ ಸಂಸ್ಥೆ, ಅದರ ತೀರ್ಪಿನ ವಿರುದ್ಧ ಮೆರವಣಿಗೆಗೆ ಕರೆ ಕೊಡುವುದು ಹೇಗೆ? ಕರೆಯಿಲ್ಲದೆಯೇ ವಿದ್ಯುತ್ ಕಾರ್ಮಿಕರು ಕೆಲಸ ನಿಲ್ಲಿಸಿದರು, ಕಾರ್ಖಾನೆಗಳು ಖಾಲಿಯಾದವು, ಗುಂಪು ನ್ಯಾಯಾಲಯದ ಭವನಕ್ಕೆ ನುಗ್ಗಿ ಬೆಂಕಿಯಿಟ್ಟಿತು. ಮೇಯರ್ ಕಾರ್ಲ್ ಸೈಟ್ಸರು ಅಗ್ನಿಶಾಮಕ ವಾಹನದ ಮೇಲೇರಿ ದಾರಿ ಬಿಡಿರೆಂದು ತಮ್ಮ ಪಕ್ಷದ ಜನರನ್ನೇ ಬೇಡಿಕೊಂಡರು, ಜನರು ಬಿಡಲಿಲ್ಲ. ಪೊಲೀಸ್ ಮುಖ್ಯಾಧಿಕಾರಿ ಯೋಹಾನ್ ಶೋಬರನ ಆಜ್ಞೆಯಂತೆ ಪೊಲೀಸರಿಗೆ ಬಂದೂಕಗಳನ್ನು ಹಂಚಲಾಯಿತು. ಸತ್ತವರು 89 ಮಂದಿ. ಅವರಲ್ಲಿ ಪೊಲೀಸರು ಬೆರಳೆಣಿಕೆಯಷ್ಟು.

ಇಲ್ಲಿ ಗಮನಿಸಬೇಕಾದ ಕ್ರಮವಿದು: ಕೊಲೆ, ತಾಳ್ಮೆ, ಚುನಾವಣೆ, ತೀರ್ಪು, ಅನಂತರ ಬೆಂಕಿ. ಜನವರಿಯಲ್ಲಿ ಇಲ್ಲದ ಕ್ರೋಧವು ಜುಲೈಯಲ್ಲಿ ಎಲ್ಲಿಂದ ಬಂತು? ಎರಡು ಪಾಳೆಯಗಳ ನಡುವಣ ದೂರವು ಆ ಆರು ತಿಂಗಳಲ್ಲಿ ಬೆಳೆಯಲಿಲ್ಲ. ಬದಲಾದುದು ಒಂದೇ: ಎರಡಕ್ಕೂ ಮೇಲೆ ನಿಂತಿದೆಯೆಂದು ಕಾರ್ಮಿಕರು ನಂಬಿದ್ದ ಸಂಸ್ಥೆಯು ಒಂದರ ಕಡೆ ಸೇರಿತೆಂಬ ತಿಳಿವಳಿಕೆ. ಆ ದಿನ ಬೀದಿಯಲ್ಲಿದ್ದ ತರುಣ ಎಲಿಯಾಸ್ ಕಾನೆಟ್ಟಿಯು ಮುಂದೆ ‘ಜನಸಮೂಹ ಮತ್ತು ಅಧಿಕಾರ’ ಎಂಬ ಗ್ರಂಥವನ್ನು ಬರೆದುದು ಈ ಅನುಭವದ ಬಲದಿಂದ. ಅನಂತರ ಬಂದುದು ಚಾನ್ಸೆಲರ್ ಇಗ್ನಾಟ್ಸ್ ಸೈಪೆಲರ ಭಾಷಣ. ಕ್ಯಾಥೊಲಿಕ್ ಪಾದ್ರಿಯೂ ಧರ್ಮಶಾಸ್ತ್ರದ ಪ್ರಾಧ್ಯಾಪಕರೂ ಆಗಿದ್ದ ಅವರು ತಪ್ಪಿತಸ್ಥರಿಗೆ ದಯೆ ತೋರಬೇಕೆಂದು ಕೇಳಬೇಡಿರೆಂದು ಪಾರ್ಲಿಮೆಂಟಿನಲ್ಲಿ ಹೇಳಿದರು. ಅವರಿಗೆ ‘ದಯೆಯಿಲ್ಲದ ಪಾದ್ರಿ’ ಎಂಬ ಹೆಸರು ಅಂಟಿತು. ವಿಯೆನ್ನಾದಲ್ಲಿ ಸಾವಿರಾರು ಮಂದಿ ಅಧಿಕೃತವಾಗಿ ಚರ್ಚನ್ನು ತೊರೆದರು. ವೈಯಕ್ತಿಕ ಜೀವನದಲ್ಲಿ ಕಠಿಣ ನಿಯಮಗಳ, ನಿಃಸ್ವಾರ್ಥಿಯಾದ ಈ ಮನುಷ್ಯನಿಗೆ ಒಂದು ಮೃದುವಾದ ವಾಕ್ಯವು ಏಕೆ ಹೊಳೆಯಲಿಲ್ಲವೆಂಬುದು ಈ ಲೇಖಕನನ್ನು ಹಲವು ಸಲ ಕಾಡಿದ ಪ್ರಶ್ನೆ. ಭಾವನೆಗಳ ಇತಿಹಾಸದಲ್ಲಿ ಇಂಥ ಒಂದು ವಾಕ್ಯದ ಬೆಲೆಯು ಸಣ್ಣದಲ್ಲ.

ಬಡತನವೂ ನಿರುದ್ಯೋಗವೂ ಪಕ್ಷದ್ವೇಷವನ್ನು ಹೆಚ್ಚಿಸುತ್ತವೆಂಬ ಇನ್ನೊಂದು ವಾದವಿದೆ. ಗಿಡ್ರಾನ್, ಆಡಮ್ಸ್, ಹಾರ್ನ್ ಎಂಬುವರು 2020ರಲ್ಲಿ ಹಲವು ದೇಶಗಳ ಅಂಕಿಗಳಿಂದ ಈ ಸಂಬಂಧವನ್ನು ಎತ್ತಿ ತೋರಿಸಿದ್ದಾರೆ. 1931ರ ಮೇ ತಿಂಗಳಲ್ಲಿ ಕ್ರೆಡಿಟ್ ಆನ್‌ಸ್ಟಾಲ್ಟ್ ಬ್ಯಾಂಕು ಕುಸಿದ ಆಸ್ಟ್ರಿಯಕ್ಕೆ ಇದು ಅನ್ವಯಿಸುತ್ತದೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಅದೇ ಕಾಲದ, ಅದೇ ದೇಶದ ಒಂದು ಅಧ್ಯಯನವು ನಮ್ಮ ಮುಂದಿದೆ. ಮೇರಿ ಯಾಹೋಡ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ತ್ಸೈಸೆಲ್ ಇವರು ವಿಯೆನ್ನಾದ ಬಳಿಯ ಮಾರಿಯೆಂಟಾಲ್ ಎಂಬ ಗಿರಣಿಯ ಊರಿನಲ್ಲಿ ಸಂಶೋಧನೆ ನಡೆಸಿ 1933ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗಿರಣಿ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತ್ತು. ಅವರು ಕಂಡುದು ಕ್ರಾಂತಿಯ ಉತ್ಸಾಹವನ್ನಲ್ಲ, ಬಳಲಿಕೆಯನ್ನು. ಹೊತ್ತು ಹೇರಳವಾಗಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಮೆಯಾಯಿತು, ಪಕ್ಷದ ಪತ್ರಿಕೆಯ ಚಂದಾದಾರರು ಇಳಿದರು, ಸಂಘಗಳು ಸೊರಗಿದವು. ಹೆಚ್ಚಿದುದು ಒಂದು: ನೆರೆಯವನು ಭತ್ಯೆ ಪಡೆಯುತ್ತ ಗುಟ್ಟಾಗಿ ಕೆಲಸ ಮಾಡುತ್ತಿದ್ದಾನೆಂಬ ಅನಾಮಧೇಯ ದೂರುಗಳು, ಅವುಗಳಲ್ಲಿಯೂ ಸುಳ್ಳು ದೂರುಗಳು. ಹಸಿವಿನಿಂದ ಹುಟ್ಟಿದ ಹಗೆಯು ಎದುರು ಪಾಳೆಯದ ಕಡೆಗೆ ಹೋಗದೆ ಪಕ್ಕದ ಮನೆಯ ಕಡೆಗೆ ಹೋಯಿತು. ಬಿಕ್ಕಟ್ಟು ಕಾರ್ಮಿಕ ಪಾಳೆಯವನ್ನು ಉಗ್ರಗೊಳಿಸಲಿಲ್ಲ, ದುರ್ಬಲಗೊಳಿಸಿತು. ಎದುರಾಳಿಗಳು ಇದನ್ನು ಅರಿಯದವರಾಗಿರಲಿಲ್ಲ.

ಈಗ 1933ಕ್ಕೆ ಬರೋಣ. ಎಂಗೆಲ್ಬರ್ಟ್ ಡೋಲ್‌ಫುಸ್ಸನ ಸರಕಾರಕ್ಕಿದ್ದುದು ಒಂದೇ ಮತದ ಬಹುಮತ. 1932ರ ಏಪ್ರಿಲಿನಲ್ಲಿ ನಡೆದ ಪ್ರಾಂತೀಯ ಚುನಾವಣೆಗಳಲ್ಲಿ ನಾಜಿಗಳು ವಿಯೆನ್ನಾ ಸಭೆಯಲ್ಲಿಯೇ 15 ಸ್ಥಾನಗಳನ್ನು ಗೆದ್ದಿದ್ದರು. ಹೊಸ ಚುನಾವಣೆಯೆಂದರೆ ಡೋಲ್‌ಫುಸ್ಸನ ಪಕ್ಷಕ್ಕೆ ಸೋಲು. 1933ರ ಮಾರ್ಚ್ 4ರಂದು ರೈಲ್ವೆ ಮುಷ್ಕರದ ಸಂಬಂಧವಾದ ಒಂದು ಮತದಾನದ ತಕರಾರಿನಲ್ಲಿ ಸಭೆಯ ಮೂವರು ಅಧ್ಯಕ್ಷರಾದ ರೆನ್ನರ್, ರಾಮೆಕ್, ಸ್ಟ್ರಾಫ್ನರ್ ಒಬ್ಬರ ಹಿಂದೊಬ್ಬರು ರಾಜೀನಾಮೆ ಕೊಟ್ಟರು. ಸಭೆಯನ್ನು ಮುಕ್ತಾಯಗೊಳಿಸುವವರೇ ಉಳಿಯಲಿಲ್ಲ. ಪಾರ್ಲಿಮೆಂಟು ತನ್ನನ್ನು ತಾನೇ ನಿವಾರಿಸಿಕೊಂಡಿತೆಂದು ಡೋಲ್‌ಫುಸ್ ಸಾರಿ, 1917ರ ಯುದ್ಧಕಾಲದ ಆರ್ಥಿಕ ಅಧಿಕಾರದ ಕಾಯಿದೆಯೊಂದನ್ನು ಹಿಡಿದು ಆಜ್ಞೆಗಳ ಮೂಲಕ ಆಳತೊಡಗಿದನು. ಮಾರ್ಚ್ 15ರಂದು ಸ್ಟ್ರಾಫ್ನರರು ಸಭೆಯನ್ನು ಮತ್ತೆ ಕರೆದಾಗ ಅದನ್ನು ತಡೆಯಲು ಪೊಲೀಸರು ಬಂದರು. ಆ ತಿಂಗಳ ಕೊನೆಯಲ್ಲಿ ಶುಟ್ಸ್‌ಬುಂಡ್ ನಿಷೇಧಿತವಾಯಿತು, ಹೈಮ್‌ವೆರ್ ಆಗಲಿಲ್ಲ. ಮೇ ತಿಂಗಳಲ್ಲಿ, ಹಿಂದೆ ಚಿತೆಯ ಜಗಳವನ್ನು ತೀರಿಸಿದ್ದ ಅದೇ ಸಂವಿಧಾನ ನ್ಯಾಯಾಲಯವನ್ನು ಕೆಲಸ ಮಾಡದಂತೆ ಕಟ್ಟಿಹಾಕಲಾಯಿತು.

‘ಪಾರ್ಲಿಮೆಂಟಿನ ಆತ್ಮನಿವಾರಣೆ’ ಎಂಬ ಆ ಮಾತನ್ನು ಇನ್ನೊಮ್ಮೆ ಓದಬೇಕು. ಮೂವರ ರಾಜೀನಾಮೆಯು ನಿಜ. ರೆನ್ನರರು ಪಕ್ಷದ ಒಂದು ಮತಕ್ಕಾಗಿ ಪೀಠವನ್ನು ಬಿಟ್ಟುದು ದೊಡ್ಡ ಅವಿವೇಕವೆಂಬುದೂ ನಿಜ. ಆದರೆ ತನ್ನನ್ನು ತಾನೇ ನಿವಾರಿಸಿಕೊಂಡ ಸಭೆಗೆ ಬಾಗಿಲಲ್ಲಿ ಪೊಲೀಸರು ಬೇಕಾಗುವುದಿಲ್ಲ. ‘ಸಮಾಜವು ಧ್ರುವೀಕರಣಗೊಂಡಿತು’ ಎಂಬುದೂ ಇದೇ ಅಚ್ಚಿನಿಂದ ಬಂದ ವಾಕ್ಯ. ಎರಡರಲ್ಲಿಯೂ ವಸ್ತುವು ತಾನಾಗಿಯೇ ಏನೋ ಆಗಿಬಿಡುತ್ತದೆ.

ಸೋಷಲ್ ಡೆಮೊಕ್ರಾಟರ ಪಾಲನ್ನು ಮರೆಮಾಡುವುದು ನಮ್ಮ ಉದ್ದೇಶವಲ್ಲ. 1926ರ ಲಿಂಜ್ ಕಾರ್ಯಕ್ರಮದಲ್ಲಿ ಓಟ್ಟೋ ಬೌವರ್ ‘ಸರ್ವಾಧಿಕಾರ’ವೆಂಬ ಪದವನ್ನು ಸೇರಿಸಿದರು. ವಿರೋಧಿಗಳು ಬಲಪ್ರಯೋಗದಿಂದ ಸಂವಿಧಾನವನ್ನು ಮುರಿದರೆ ಮಾತ್ರವೆಂಬ ನಿಬಂಧನೆ ಅದಕ್ಕಿತ್ತು. ನಿಬಂಧನೆಯನ್ನು ಯಾರೂ ನೆನಪಿಡಲಿಲ್ಲ, ಪದವನ್ನು ಎಲ್ಲರೂ ನೆನಪಿಟ್ಟರು. 1931ರ ಜೂನಿನಲ್ಲಿ ಸೈಪೆಲರು ಕೂಡಿ ಆಳೋಣವೆಂದು ಕರೆದಾಗ ಬೌವರ್ ಒಪ್ಪಲಿಲ್ಲ. ದಿವಾಳಿಯಾದ ಅರ್ಥವ್ಯವಸ್ಥೆಯ ಹೊಣೆಯನ್ನು ಹೊರಲು ಅವರು ಸಿದ್ಧರಿರಲಿಲ್ಲ. ಮಾತಿನಲ್ಲಿ ಬಿರುಸು, ಕಾರ್ಯದಲ್ಲಿ ಹಿಂಜರಿಕೆ: ಹೆದರಿಸುವುದಕ್ಕೆ ಸಾಲುವಷ್ಟು, ತಡೆಯುವುದಕ್ಕೆ ಸಾಲದಷ್ಟು. ಇದು ಗಂಭೀರವಾದ ದೋಷವೇ. ಆದರೆ ದೋಷಗಳಲ್ಲಿಯೂ ಜಾತಿಗಳುಂಟು. ಕೆಟ್ಟ ಪದವನ್ನು ಬರೆಯುವುದೂ ಶಾಸನಸಭೆಗೆ ಬೀಗ ಹಾಕುವುದೂ ಒಂದೇ ಕೋಲಿನಿಂದ ಅಳೆಯತಕ್ಕವಲ್ಲ.

1934ರ ಫೆಬ್ರವರಿಯ ಕಥೆಯು ಪರಿಚಿತವಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಹಿಂದಿನ ಬೇಸಗೆಯಲ್ಲಿ ರಿಚ್ಚಿಯೋನೆಯಲ್ಲಿ ಮುಸೊಲಿನಿಯು ಡೋಲ್‌ಫುಸ್ಸನ ಮೇಲೆ ಒತ್ತಡ ತಂದಿದ್ದನು; ಫೆಬ್ರವರಿ 11ರಂದು ಉಪಚಾನ್ಸೆಲರ್ ಎಮಿಲ್ ಫೇ ತನ್ನ ಹೈಮ್‌ವೆರ್ ಜನರಿಗೆ ನಾಳೆ ಕೆಲಸಕ್ಕೆ ಕೈ ಹಾಕುವೆವೆಂದು ಬಹಿರಂಗವಾಗಿಯೇ ಹೇಳಿದನು. 12ರ ಬೆಳಗ್ಗೆ ಲಿಂಜಿನಲ್ಲಿ ಆಯುಧಶೋಧನೆಗೆ ಹೋದ ಪೊಲೀಸರನ್ನು ರಿಖಾರ್ಡ್ ಬೆರ್ನಾಷೆಕ್ಕನ ಜನರು ಪಕ್ಷದ ಆಜ್ಞೆಯನ್ನು ಮೀರಿ ಎದುರಿಸಿದರು. ವಿಯೆನ್ನಾದ ವಸತಿಗಳ ಮೇಲೆ ಫಿರಂಗಿಗಳು ಹಾರಿದವು. ಇತ್ತೀಚಿನ ಸಂಶೋಧನೆಯಂತೆ ಸತ್ತವರು ಸುಮಾರು 350 ಮಂದಿ. ಒಂಬತ್ತು ಜನರನ್ನು ಗಲ್ಲಿಗೇರಿಸಲಾಯಿತು. ಅವರಲ್ಲಿ ಕಾರ್ಲ್ ಮ್ಯೂನಿಖ್‌ರೈಟರನು ಗಾಯಗಳಿಂದ ನಡೆಯಲಾರದವನಾದುದರಿಂದ ಡೋಲಿಯಲ್ಲಿ ಹೊತ್ತೊಯ್ಯಬೇಕಾಯಿತು. ಒಂದು ಅಂಶವನ್ನು ಮಾತ್ರ ಒತ್ತಿ ಹೇಳಬೇಕು: ಸಾರ್ವತ್ರಿಕ ಮುಷ್ಕರದ ಕರೆಗೆ ರೈಲುಗಳು ನಿಲ್ಲಲಿಲ್ಲ. 1927ರಲ್ಲಿ ಕರೆಯಿಲ್ಲದೆ ಬೀದಿಗಿಳಿದ ಜನರು 1934ರಲ್ಲಿ ಕರೆದರೂ ಬಹುಮಟ್ಟಿಗೆ ಬರಲಿಲ್ಲ. ಕ್ರೋಧವು ಶಿಖರವನ್ನು ಮುಟ್ಟಿದ ವರ್ಷ ಗಣರಾಜ್ಯವು ಉಳಿಯಿತು. ಕ್ರೋಧವು ಬಳಲಿ ಬಿದ್ದ ವರ್ಷ ಅದು ಮುರಿಯಿತು.

‘ಧ್ರುವ’ದ ರೂಪಕಕ್ಕೆ ಇನ್ನೂ ಒಂದು ಕುಂದುಂಟು. ಧ್ರುವಗಳು ಎರಡೇ, ಪಾಳೆಯಗಳು ಮೂರು. ಎರಡು ಪಾಳೆಯಗಳು ಹೋರಾಡುತ್ತಿದ್ದಾಗ ಮೂರನೆಯದು ಬಹುಮಟ್ಟಿಗೆ ನಾಜಿಗಳ ಕಡೆಗೆ ಸರಿಯಿತು. ನಾಜಿಗಳಿಂದ ದೇಶವನ್ನು ಕಾಯಲೆಂದೇ ಡೋಲ್‌ಫುಸ್ ಪಾರ್ಲಿಮೆಂಟನ್ನು ಮುಚ್ಚಿದನೆಂದು ಅವನ ಸಮರ್ಥಕರು ಹೇಳುವರು. ಅವನು ನಾಜಿ ಪಕ್ಷವನ್ನು 1933ರ ಜೂನಿನಲ್ಲಿ ನಿಷೇಧಿಸಿದುದೂ, 1934ರ ಜುಲೈ 25ರಂದು ನಾಜಿಗಳ ಗುಂಡಿಗೆ ಬಲಿಯಾದುದೂ ನಿಜ. ಆದರೆ ನಾಜಿಗಳ ವಿರುದ್ಧ ಅವನ ಪಕ್ಕದಲ್ಲಿ ನಿಲ್ಲಬಲ್ಲವರಾಗಿದ್ದ, 1930ರ ಚುನಾವಣೆಯಲ್ಲಿ 72 ಸ್ಥಾನಗಳನ್ನು ಗೆದ್ದಿದ್ದ ಜನರನ್ನು ಮುರಿದವನೂ ಅವನೇ. 1938ರ ಮಾರ್ಚ್ ಮೊದಲ ವಾರದಲ್ಲಿ ಉತ್ತರಾಧಿಕಾರಿಯಾದ ಶುಷ್ನಿಗ್ ಕಾರ್ಮಿಕ ಪ್ರತಿನಿಧಿಗಳ ಕಡೆಗೆ ಕೈಚಾಚಿದಾಗ ಉಳಿದಿದ್ದುದು ಕೆಲವು ದಿನಗಳು.

ವಾಂಡ್ರುಷ್ಕರ ಬರಹವು 1954ರಲ್ಲಿ ಬಂದಿತೆಂದೆವು. ಆಗ ದೇಶವನ್ನು ಆಳುತ್ತಿದ್ದುದು ಈ ಎರಡು ಪಾಳೆಯಗಳ ಉತ್ತರಾಧಿಕಾರಿಗಳ ಕೂಟ. 1947ರಿಂದ 1966ರವರೆಗೆ ಅವರಿಬ್ಬರೇ ಅಧಿಕಾರವನ್ನು ಪ್ರಮಾಣಾನುಸಾರ ಹಂಚಿಕೊಂಡರು. ಡಾಖಾವಿನಂಥ ನಾಜಿ ಬಂಧನಶಿಬಿರಗಳಲ್ಲಿ ಒಟ್ಟಿಗೆ ನರಳಿದ ನಾಯಕರು ಹಳೆಯ ದ್ವೇಷವನ್ನು ಅಲ್ಲಿಯೇ ಬಿಟ್ಟು ಬಂದರೆಂಬ ಮಾತು ಆ ಕಾಲದಲ್ಲಿ ಜನಪ್ರಿಯವಾಯಿತು. (ಬಂಧನಶಿಬಿರಕ್ಕೂ ರಾಜಕೀಯ ಪಾಳೆಯಕ್ಕೂ ಜರ್ಮನ್ ಭಾಷೆಯಲ್ಲಿ ಒಂದೇ ಪದ, ‘ಲಾಗರ್’, ಇದು ಭಾಷೆಯ ಒಂದು ಕ್ರೂರವಾದ ಶ್ಲೇಷೆ.) ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಕೂಡಿ ಆಳಬೇಕಾದವರಿಗೆ 1934ರ ಒಂದು ಇತಿಹಾಸವೂ ಬೇಕಾಗಿತ್ತು. ‘ಹಂಚಿಕೊಂಡ ಅಪರಾಧ’ವೆಂಬ ಸೂತ್ರವು ಹೊರಟುದು ಹೀಗೆ. ತಪ್ಪು ಇಬ್ಬರದೂ, ಪಾಳೆಯಗಳು ಪ್ರಕೃತಿಯವು. ಮಂತ್ರಿಪದವಿಗಳಂತೆ ಅಪರಾಧವನ್ನೂ ಸಮಭಾಗ ಮಾಡಲಾಯಿತು. ಅಮೆರಿಕದ ಚಾರ್ಲ್ಸ್ ಗುಲಿಕ್ 1948ರಲ್ಲಿಯೇ ಎರಡು ಸಂಪುಟಗಳಲ್ಲಿ ಬೇರೆ ಕಥೆಯನ್ನು ಹೇಳಿದ್ದರು, ಸೋಷಲ್ ಡೆಮೊಕ್ರಾಟರ ಪರವಾದ ಒಲವನ್ನು ಅಡಗಿಸದೆ. ಗೆರ್‌ಹಾರ್ಡ್ ಬೋಟ್ಸರು 1976ರಲ್ಲಿ ರಾಜಕೀಯ ಹಿಂಸೆಯ ಪ್ರಕರಣಗಳನ್ನು ಒಂದೊಂದಾಗಿ ಲೆಕ್ಕ ಹಾಕಿ ಚರ್ಚೆಗೆ ಭದ್ರವಾದ ನೆಲೆಯನ್ನು ಒದಗಿಸಿದರು. ಲೆಕ್ಕ ಹಾಕುವುದಾದರೆ ಹೀಗೆ ಹಾಕಬೇಕು: ಯಾರು, ಎಲ್ಲಿ, ಯಾವ ದಿನ, ಯಾವ ಆಯುಧದಿಂದ.

ಸಮಭಾಗದ ಸೂತ್ರದಿಂದ ಶಾಂತಿಯು ದೊರೆಯಿತೆಂಬ ಸಮರ್ಥನೆಯನ್ನು ಲಘುವಾಗಿ ಕಾಣಬಾರದು. ಯುದ್ಧದಿಂದ ನೊಂದು, 1955ರವರೆಗೆ ನಾಲ್ಕು ಪರಕೀಯ ಸೈನ್ಯಗಳ ಕೈಕೆಳಗಿದ್ದ ದೇಶಕ್ಕೆ ಅದು ಉಪಕಾರವನ್ನೇ ಮಾಡಿರಬಹುದು. ರಾಜಕಾರಣಿಗೆ ಅನುಕೂಲವಾದ ಸೂತ್ರವು ಸಂಶೋಧಕನಿಗೆ ಸತ್ಯವಾಗಬೇಕಾಗಿಲ್ಲ, ಅಷ್ಟೆ. ಪಾಳೆಯಗಳ ಸಂಸ್ಥೆಗಳಾದರೋ ಇಂದಿಗೂ ಉಳಿದಿವೆ: ಆಸ್ಟ್ರಿಯದಲ್ಲಿ ಮೋಟಾರು ಸವಾರರಿಗೆ ಎರಡು ಸಂಘಗಳು, ಆಟಗಾರರಿಗೆ ಬೇರೆಬೇರೆ ಪಾಳೆಯಗಳಿಂದ ಹುಟ್ಟಿದ ಒಕ್ಕೂಟಗಳು. ಅವುಗಳ ಸದಸ್ಯರು ಪರಸ್ಪರ ಗುಂಡು ಹಾರಿಸುವುದಿಲ್ಲ. ಬೇರೆಯಾಗಿರುವುದು ಮುಂದುವರಿಯಿತು, ಬಂದೂಕವೂ ಬೀಗವೂ ಹೋದವು.

ಆ ಐದು ವರ್ಷಗಳಿಗೆ ಯಾವ ಹೆಸರನ್ನಿಡಬೇಕೆಂಬುದರಲ್ಲಿ ಆಸ್ಟ್ರಿಯದವರಿಗೆ ಇನ್ನೂ ಒಮ್ಮತವಿಲ್ಲ. ಒಂದು ಕಡೆಯವರು ‘ಆಸ್ಟ್ರೋಫ್ಯಾಸಿಸಮ್’ ಎಂದರೆ ಇನ್ನೊಂದು ಕಡೆಯವರು ‘ಶ್ರೇಣಿರಾಜ್ಯ’ವೆನ್ನುವರು. ಡೋಲ್‌ಫುಸ್ಸನ ಭಾವಚಿತ್ರವು ಪೀಪಲ್ಸ್ ಪಾರ್ಟಿಯ ಪಾರ್ಲಿಮೆಂಟರಿ ಕೊಠಡಿಯಲ್ಲಿ 2017ರವರೆಗೆ ತೂಗುತ್ತಿದ್ದು, ಭವನದ ದುರಸ್ತಿಯ ಸಂದರ್ಭದಲ್ಲಿ ಕೆಳಗಿಳಿಯಿತು. ಆದರೆ 2012ರಲ್ಲಿ ಜಾರಿಗೆ ಬಂದ ಕಾಯಿದೆಯೊಂದು ಆ ಆಳ್ವಿಕೆಯ ವಿಶೇಷ ನ್ಯಾಯಾಲಯಗಳ ಶಿಕ್ಷೆಗಳಿಗೆ ಗುರಿಯಾದ ಪ್ರಜಾಪ್ರಭುತ್ವವಾದಿಗಳಿಗೆ ಗೌರವವನ್ನು ಮರಳಿಸಿತು. ಅನ್ಯಾಯದ ಅವಧಿಯನ್ನು ಅದು ಲೆಕ್ಕ ಹಾಕುವುದು ಫಿರಂಗಿಗಳು ಹಾರಿದ 1934ರ ಫೆಬ್ರವರಿಯಿಂದಲ್ಲ, ಪಾರ್ಲಿಮೆಂಟು ಮುಚ್ಚಿದ 1933ರ ಮಾರ್ಚಿನಿಂದ.